ಅಡಿಕೆ ತೋಟ ನಂಬಿಕೊಂಡು ಮಗಳನ್ನು ಜರ್ಮನಿಗೆ ಕಳಿಸಬಹುದಾ?

ತೋಟದಮನೆ, ಶಿರಸಿ ಕಡೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಈ ಫೋರಂನಲ್ಲಿ ಸುಮ್ನೆ ಓದಿಕೊಂಡು ಇದ್ದೆ, ಬರೆಯುತ್ತಿರುವುದು ಇದೇ ಮೊದಲು. ಮಗಳು ವಿಟಿಯು ಕಾಲೇಜಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ, ಸಿಜಿಪಿಎ 8ರ ಆಸುಪಾಸು. 2026ರ ಅಕ್ಟೋಬರ್‌ಗೆ ಜರ್ಮನಿಗೆ ಹೋಗಿ ಎಂಎಸ್ ಮಾಡುತ್ತೇನೆ ಅನ್ನುತ್ತಾಳೆ.

ನಮ್ಮದು ಎರಡೂವರೆ ಎಕರೆ ತೋಟ. ಹೋದ ಮಳೆಗಾಲ ಕೊಳೆ ರೋಗ ಎಷ್ಟು ತಿಂದಿತು ಅಂತ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆವು. ಸಲಹೆ ಪೂರ್ತಿ ಉಚಿತ ಅಂದರು, ಟೀ ಕೊಟ್ಟರು, ಅಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಬಣ್ಣದ ಪುಸ್ತಕ ಕೊಟ್ಟರು. ವರ್ಷಕ್ಕೆ 11 ಲಕ್ಷ ಫೀಸು, ಹದಿನೈದು ದಿನದಲ್ಲಿ ಸೀಟು ಖಾತ್ರಿ. ಮಗಳು ವಾಪಸ್ ಬರುವಾಗ ಬಸ್ಸಲ್ಲಿ ಹೇಳಿದಳು, ಅಪ್ಪ, ಅಲ್ಲಿ ಸರ್ಕಾರಿ ಯೂನಿವರ್ಸಿಟಿಗೆ ಫೀಸೇ ಇಲ್ಲ ಅಂತ. ಫೀಸೇ ಇಲ್ಲದಿದ್ದರೆ ಇವರು ಯಾಕೆ ಅದರ ಸುದ್ದಿ ಎತ್ತಲಿಲ್ಲ? ಇನ್ನೊಂದು, ಬ್ಯಾಂಕಿನವರು ತೋಟ ಅಡ ಇಟ್ಟುಕೊಳ್ಳುವುದಿಲ್ಲ ಅಂದರು. ಬೆಳೆ ಸಾಲಕ್ಕೆ ಆಗುವ ಪಹಣಿ ಓದಿನ ಸಾಲಕ್ಕೆ ಯಾಕೆ ಆಗುವುದಿಲ್ಲ, ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಮಾಗ್ಡೆಬುರ್ಗ್ ಮಾಣಿ

ಸರ್, ನಿಮ್ಮ ಮಗಳು ಹೇಳಿದ್ದೇ ಸರಿ. ಕನ್ಸಲ್ಟೆನ್ಸಿಯವರ ಸಲಹೆ ನಿಮಗೆ ಉಚಿತ, ಯಾಕೆಂದರೆ ಅವರಿಗೆ ದುಡ್ಡು ಕೊಡುವುದು ಆ ಖಾಸಗಿ ವಿಶ್ವವಿದ್ಯಾಲಯ. ಒಂದು ತಲೆ ಸೇರಿಸಿದರೆ ಇಷ್ಟು ಕಮಿಷನ್. ಸರ್ಕಾರಿ ಯೂನಿವರ್ಸಿಟಿ ಯಾರಿಗೂ ಕಮಿಷನ್ ಕೊಡುವುದಿಲ್ಲ, ಹಾಗಾಗಿ ಅದರ ಬಣ್ಣದ ಪುಸ್ತಕವೂ ಇಲ್ಲ, ಟೀಯೂ ಇಲ್ಲ.

ನಾನು ಜರ್ಮನಿಯ ಈ ಮಾಗ್ಡೆಬುರ್ಗ್ ಊರಿಗೆ ಬಂದು ಎರಡನೇ ವರ್ಷ. ಟ್ಯೂಷನ್ ಫೀಸು ಸೊನ್ನೆ. ಸೆಮಿಸ್ಟರ್‌ಗೆ ಒಂದಿಷ್ಟು ಸೆಮಿಸ್ಟರ್ ಶುಲ್ಕ ಅಂತ ಕಟ್ಟಬೇಕು, ಅದು ವಿದ್ಯಾರ್ಥಿ ಸಂಘ, ಕ್ಯಾಂಟೀನು, ಊರಿನ ಬಸ್ಸು ಟ್ರಾಮಿಗೆ ಹೋಗುತ್ತದೆ. ಎಲ್ಲಾ ಕಡೆ ಹೀಗೇ ಅಂದುಕೊಳ್ಳಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್ ಕಡೆ, 2017ರಿಂದ ನಮ್ಮಂಥ ಯುರೋಪ್ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುರು ಮಾಡಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಮ್ಯೂನಿಕ್ ಫ್ರೀ ಅಂತ ಇವತ್ತಿಗೂ ಜನ ಅರ್ಜಿ ಹಾಕುತ್ತಾರೆ.

ಖಾಸಗಿಗೆ ಹೋಗಲೇಬಾರದು ಅಂತ ನಾನು ಹೇಳಲ್ಲ. ಆದರೆ 2025ರಲ್ಲಿ ಬರ್ಲಿನ್‌ನಲ್ಲಿ ಏನಾಯಿತು ನೋಡಿ. ಒಂದು ಖಾಸಗಿ ವಿಶ್ವವಿದ್ಯಾಲಯದ ಕೋರ್ಸಿನಲ್ಲಿ ಆನ್‌ಲೈನ್ ಪಾಠ ಜಾಸ್ತಿ, ಅದಕ್ಕೆ ಇಲ್ಲಿ ಬಂದು ಕೂರುವ ಅಗತ್ಯವೇ ಇಲ್ಲ ಅಂತ ವಲಸೆ ಕಚೇರಿ ಹೇಳಿತು. ಸಾಲ ಮಾಡಿ ಬಂದ ನಮ್ಮ ಹುಡುಗರಿಗೆ ದೇಶ ಬಿಡಿ ಅಂತ ಪತ್ರ ಹೋಯಿತು.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ತೋಟದ ವಿಷಯ ನಾನು ಹೇಳುತ್ತೇನೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು.

ಸಾಲ ವಾಪಸ್ ಬರದಿದ್ದರೆ ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಡುತ್ತದೆ. ಆ ಕಾಯ್ದೆಯಿಂದ ಕೃಷಿ ಜಮೀನನ್ನು ಹೊರಗೆ ಇಟ್ಟಿದ್ದಾರೆ. ರೈತನ ಭೂಮಿ ಉಳಿಯಲಿ ಅಂತ ಇಟ್ಟಿದ್ದು, ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ನಿಮ್ಮ ಎರಡೂವರೆ ಎಕರೆಗೆ ಕೋಟಿ ಬೆಲೆ ಬಾಳಿದರೂ ಓದಿನ ಸಾಲದ ಮ್ಯಾನೇಜರ್ ಅದನ್ನು ಮುಟ್ಟುವುದಿಲ್ಲ. ಬೆಳೆ ಸಾಲದ ಲೆಕ್ಕವೇ ಬೇರೆ. ಅಲ್ಲಿ ಮೊತ್ತ ಸಣ್ಣದು, ಬೆಳೆಯೇ ಭದ್ರತೆ, ಸೊಸೈಟಿಗೆ ನೀವು ಯಾರು ಅಂತ ಗೊತ್ತು.

ಸರ್ಕಾರಿ ಬ್ಯಾಂಕುಗಳ ಮಾದರಿ ಯೋಜನೆ ಹೀಗಿದೆ: 4 ಲಕ್ಷದವರೆಗೆ ಏನೂ ಅಡ ಬೇಡ, 7.5 ಲಕ್ಷದವರೆಗೆ ಇನ್ನೊಬ್ಬರ ಜಾಮೀನು, ಅದರ ಮೇಲೆ ಹೋದರೆ ಆಸ್ತಿ. ನಿಮಗೆ ಬೇಕಾಗುವುದು 7.5 ಲಕ್ಷದಲ್ಲಿ ಮುಗಿಯುವುದಿಲ್ಲ. ಅಡ ಇಡಲು ಆಗುವುದು ಮನೆ, ಸೈಟು, ಎಫ್‌ಡಿ, ಎಲ್‌ಐಸಿ ಪಾಲಿಸಿ. ಮನೆ ತೋಟದೊಳಗೇ ಇದ್ದರೆ ಕಷ್ಟ. ಗ್ರಾಮಠಾಣಾದಲ್ಲಿದ್ದು ಪಂಚಾಯಿತಿ ಇ-ಸ್ವತ್ತಿನಲ್ಲಿ ಫಾರಂ 9, 11 ಅನ್ನುವ ಆಸ್ತಿ ದಾಖಲೆ ಸಿಗುವ ಹಾಗಿದ್ದರೆ ದಾರಿ ಇದೆ. ಖಾತೆ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. ನಾನು ಕಂಡ ಹಾಗೆ ಹತ್ತರಲ್ಲಿ ಆರು ಮನೆ ಸತ್ತುಹೋದ ಅಜ್ಜನ ಹೆಸರಲ್ಲೇ ಇರುತ್ತವೆ.

ಮತ್ತೆ, ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡ ಬೇಡ ಅಂತ ಯಾರಾದರೂ ವಾಟ್ಸಾಪ್ ಕಳಿಸುತ್ತಾರೆ. ಅದು ಭಾರತದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ವಿದೇಶಕ್ಕೆ ಇಲ್ಲ.

ತೋಟದಮನೆ, ಶಿರಸಿ ಕಡೆ

ಸಾರ್, ನೀವು ನಮ್ಮ ಮನೆ ನೋಡಿಕೊಂಡು ಬರೆದ ಹಾಗಿದೆ. ಪಂಚಾಯಿತಿಗೆ ಹೋಗಿ ಬಂದೆ. ಅಪ್ಪನ ಹೆಸರಲ್ಲೇ ಇದೆ, ಅಪ್ಪ ತೀರಿಕೊಂಡು ಒಂಬತ್ತು ವರ್ಷ.

ಒಂದು ಪ್ರಶ್ನೆ. ಫೀಸೇ ಇಲ್ಲದಿದ್ದರೆ 7.5 ಲಕ್ಷದಲ್ಲಿ ಯಾಕೆ ಮುಗಿಯುವುದಿಲ್ಲ?

ಮಾಗ್ಡೆಬುರ್ಗ್ ಮಾಣಿ

ಬ್ಲಾಕ್ಡ್ ಅಕೌಂಟ್ ಸರ್. ಎಲ್ಲರೂ ಎಡವುವುದು ಅಲ್ಲೇ.

ವೀಸಾ ಕೊಡುವ ಮೊದಲು ಒಂದು ವರ್ಷದ ಊಟ ಬಾಡಿಗೆಗೆ ದುಡ್ಡಿದೆ ಅಂತ ತೋರಿಸಬೇಕು. ತೋರಿಸುವುದು ಅಂದರೆ ಪಾಸ್‌ಬುಕ್ ಜೆರಾಕ್ಸ್ ಅಲ್ಲ. ಆ ದುಡ್ಡನ್ನು ಒಂದು ಖಾತೆಗೆ ಹಾಕಿ ಬೀಗ ಹಾಕಿಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಅದಕ್ಕೂ ಮೊದಲು 11,208 ಇತ್ತು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ನಿಮಗೇ ವಾಪಸ್ ಬರುತ್ತದೆ. ಯೂರೋ 2025ರಲ್ಲಿ ನೂರು ರೂಪಾಯಿ ದಾಟಿತು, ಅಂದರೆ 12 ಲಕ್ಷ ಮೊದಲೇ ಒಟ್ಟಿಗೆ ಬೇಕು. ಖರ್ಚಲ್ಲ, ನಿಮ್ಮದೇ ದುಡ್ಡು. ವೀಸಾ ಸಿಗದಿದ್ದರೆ ಖಾತೆಯ ಶುಲ್ಕ ಕಳೆದು ಉಳಿದದ್ದು ವಾಪಸ್ ಬರುತ್ತದೆ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ನಿಮ್ಮದೇ ದುಡ್ಡು ಅನ್ನುವ ಮಾತು ಕೇಳಲು ಚಂದ. ಸಾಲ ತಂದು ಹಾಕಿದರೆ ಅದು ಬ್ಯಾಂಕಿನ ದುಡ್ಡು. 12 ಲಕ್ಷಕ್ಕೆ 10% ಬಡ್ಡಿ ಹಿಡಿಯಿರಿ, ವರ್ಷಕ್ಕೆ 1.2 ಲಕ್ಷ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷಕ್ಕೆ, ಎರಡು ವರ್ಷದ ಕೋರ್ಸಾದರೆ ಒಟ್ಟು ಮೂರು ವರ್ಷ. ಅಷ್ಟರಲ್ಲಿ 3.6 ಲಕ್ಷ ಬಡ್ಡಿಯೇ ಆಗಿರುತ್ತದೆ. ಅಡ ಕೇಳದೆ ಕೊಡುವ ಖಾಸಗಿ ಸಾಲದ ಕಂಪನಿಗಳಲ್ಲಿ ಬಡ್ಡಿ ಇನ್ನೂ ಮೇಲೆ.

ಆದರೆ ಸಾಲದ ದುಡ್ಡಿಗೆ ಒಂದು ಅನುಕೂಲವೂ ಇದೆ. ಬ್ಯಾಂಕಿನ ಓದಿನ ಸಾಲದಿಂದ ಹೊರಗೆ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ಮುರಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ, ಅದರ ಮೇಲಿನದಕ್ಕೆ ಹಿಡಿಯುತ್ತಾರೆ. ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಆದರೆ ಅಡಿಕೆ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ನಿಮಗೆ ಅದರಿಂದ ಏನು ಲಾಭ, ಬಿಡಿ.

ಡಲ್ಲಾಸ್ ದೊಡ್ಡಣ್ಣ

ಇಷ್ಟೆಲ್ಲಾ ಲೆಕ್ಕ ಹಾಕುತ್ತೀರಿ, ಅಮೆರಿಕ ಯಾಕೆ ಯಾರೂ ಹೇಳುತ್ತಿಲ್ಲ? ಮೆಕ್ಯಾನಿಕಲ್ ಮಾಡಿದವರಿಗೆ ಓದು ಮುಗಿದ ಮೇಲೆ ಅಲ್ಲೇ ದುಡಿಯಲು ಒಪಿಟಿ ಅನ್ನುವ ಅನುಮತಿ ಒಂದು ವರ್ಷ, ಅದರ ಮೇಲೆ ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ ಎರಡು ವರ್ಷ. ಮೂರು ವರ್ಷ ದುಡಿದರೆ ಸಾಲ ತೀರುತ್ತದೆ. ನಾನು ಹಾಗೇ ತೀರಿಸಿದ್ದು. ಜರ್ಮನಿಯಲ್ಲಿ ಸಂಬಳದ ಮೇಲೆ ಹಾಕುವ ತೆರಿಗೆ, ವಿಮೆ ನೋಡಿದರೆ ಕಣ್ಣೀರು ಬರುತ್ತದೆ.

ಮೈಸೂರಿನ ಅಮ್ಮ

ಅಣ್ಣ, ನೀವು ಯಾವ ವರ್ಷ ತೀರಿಸಿದ್ದು? ನನ್ನ ಮಗನಿಗೆ 2025ರ ಮೇ ತಿಂಗಳಲ್ಲಿ ಐ-20, ಅಂದರೆ ಅಲ್ಲಿನ ಯೂನಿವರ್ಸಿಟಿ ಕೊಡುವ ಪ್ರವೇಶದ ಪತ್ರ, ಕೈಯಲ್ಲಿತ್ತು. ವೀಸಾ ಸಂದರ್ಶನದ ಸ್ಲಾಟ್ ನೋಡೋಣ ಅಂದರೆ ಆ ತಿಂಗಳ ಕೊನೆಗೆ ವಿದ್ಯಾರ್ಥಿ ವೀಸಾದ ಹೊಸ ಸ್ಲಾಟ್ ಕೊಡುವುದನ್ನೇ ನಿಲ್ಲಿಸಿದರು. ಜೂನ್‌ನಲ್ಲಿ ಮತ್ತೆ ಬಿಟ್ಟರು, ಆದರೆ ಸೋಷಿಯಲ್ ಮೀಡಿಯಾ ಖಾತೆ ಎಲ್ಲಾ ತೆರೆದಿಡಬೇಕು ಅಂತ ಹೊಸ ಷರತ್ತು. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ನಾವು ಮೂವರೂ ಮೂರು ಮೊಬೈಲಲ್ಲಿ ಸ್ಲಾಟ್ ಹುಡುಕಿದ್ದೇವೆ. ಸಿಗಲಿಲ್ಲ. ಸಾಲ ಮಂಜೂರಾಗಿ ಕೂತಿತ್ತು. ಈಗ ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನಿಗೆ ಬೇಜಾರು ಹೋಗಿದೆ, ನನಗೆ ಇನ್ನೂ ಹೋಗಿಲ್ಲ.

ಮೇಲಿಂದ ಎಚ್-1ಬಿ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಅಂತೆ.

ಡಲ್ಲಾಸ್ ದೊಡ್ಡಣ್ಣ

2025ರ ಸೆಪ್ಟೆಂಬರ್‌ನಲ್ಲಿ ಬಂದದ್ದು ನಿಜ ಮೇಡಂ. ಆದರೆ ಇಲ್ಲೇ ಓದಿ ಎಫ್-1 ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ದೇಶದೊಳಗೇ ಬದಲಾಗುವವರಿಗೆ ಅದು ಇಲ್ಲ ಅಂತ ಅಕ್ಟೋಬರ್‌ನಲ್ಲಿ ಸ್ಪಷ್ಟ ಮಾಡಿದ್ದಾರೆ. ಹೊರಗಿನಿಂದ ಕರೆಸಿಕೊಳ್ಳುವವರಿಗೆ ಮಾತ್ರ. ಪೇಪರಿನವರು ಮೊದಲನೆಯದನ್ನು ಮುಖಪುಟಕ್ಕೆ ಹಾಕಿ ಎರಡನೆಯದನ್ನು ಒಳಗೆಲ್ಲೋ ತುರುಕಿದರು. ನಿಮ್ಮ ಮಗನ ವಿಷಯಕ್ಕೆ ಬೇಜಾರಾಯಿತು. ನಾನು ಓದಿದ್ದು 2014ರಲ್ಲಿ, ಆ ಕಾಲ ಈಗ ಇಲ್ಲ, ಒಪ್ಪಿಕೊಳ್ಳುತ್ತೇನೆ.

ಸ್ಟುಟ್‌ಗಾರ್ಟ್ ಸೊಸೆ

ಅಮೆರಿಕ, ಕೆನಡಾ, ಬ್ರಿಟನ್ ಎಲ್ಲಾ ಕಡೆ ಒಂದೇ ಕಥೆ ನಡೆಯುತ್ತಿದೆ. ಕೆನಡಾದಲ್ಲಿ ತೋರಿಸಬೇಕಾದ ದುಡ್ಡು 10,000 ಡಾಲರ್ ಇದ್ದದ್ದು 2024ರ ಜನವರಿಯಲ್ಲಿ ಒಂದೇ ಏಟಿಗೆ 20,635 ಆಯಿತು, 2025ರ ಸೆಪ್ಟೆಂಬರ್‌ಗೆ 22,895. ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ದಾರಿಯನ್ನು 2024ರ ನವೆಂಬರ್‌ನಲ್ಲಿ ಮುಚ್ಚಿದರು. ಆಸ್ಟ್ರೇಲಿಯಾ ವೀಸಾ ಶುಲ್ಕ 710 ಡಾಲರ್ ಇದ್ದದ್ದು 2024ರ ಜುಲೈನಲ್ಲಿ 1,600 ಆಯಿತು, 2025ರ ಜುಲೈನಲ್ಲಿ 2,000. ಹಾಗಾಗಿ ಯಾವ ದೇಶ ಒಳ್ಳೆಯದು ಅಂತ ಕೇಳುವುದನ್ನು ಬಿಡಿ. ಮಧ್ಯದಲ್ಲಿ ನಿಯಮ ಬದಲಾದರೆ ನಮ್ಮ ಮನೆ ಎಷ್ಟು ತಡೆದುಕೊಳ್ಳುತ್ತದೆ ಅಂತ ಕೇಳಿಕೊಳ್ಳಿ. ಅವರು ನಿಯಮ ಒಂದು ರಾತ್ರಿಯಲ್ಲಿ ಬದಲಾಯಿಸುತ್ತಾರೆ, ನಿಮ್ಮ ಸಾಲ ಹತ್ತು ವರ್ಷ ಹಾಗೇ ಇರುತ್ತದೆ. ಆ ಲೆಕ್ಕಕ್ಕೆ ಫೀಸಿಲ್ಲದ ಜಾಗದಲ್ಲಿ ಸೋತರೂ ಕಳೆದುಕೊಳ್ಳುವುದು ಕಡಿಮೆ. ನಾನು ಜರ್ಮನಿ ಅನ್ನುವುದು ಅಷ್ಟಕ್ಕೇ.

ಈಗ ಮಗಳ ವಿಷಯ. ಸರ್, ಅವಳು ಮೊದಲು ಮಾಡಬೇಕಾದ್ದು ಎಪಿಎಸ್. ನಮ್ಮ ಅಂಕಪಟ್ಟಿ ಅಸಲಿಯಾ ಅಂತ ಪರೀಕ್ಷೆ ಮಾಡಿ ಕೊಡುವ ಪ್ರಮಾಣಪತ್ರ, 2022ರ ನವೆಂಬರ್‌ನಿಂದ ಭಾರತದವರಿಗೆ ಕಡ್ಡಾಯ. ಶುಲ್ಕ 18,000 ರೂಪಾಯಿ. ಇದಿಲ್ಲದೆ ವೀಸಾ ಅರ್ಜಿಯೇ ಮುಂದೆ ಹೋಗುವುದಿಲ್ಲ, ಜಾಸ್ತಿ ಯೂನಿವರ್ಸಿಟಿಗಳೂ ಕೇಳುತ್ತವೆ. ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕೂತರೆ ಕೆಟ್ಟಿತು ಕೆಲಸ. ಕೊನೇ ವರ್ಷದಲ್ಲಿ ಇದ್ದಾಗಲೇ ಹಾಕಬಹುದು.

ಅರ್ಜಿ ಹಾಕಲು ಯೂನಿ-ಅಸಿಸ್ಟ್ ಅಂತ ಇದೆ. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಎಂಟು ಕಡೆ ಹಾಕಿದರೆ 285 ಯೂರೋ. ಕೆಲವು ಯೂನಿವರ್ಸಿಟಿಗಳು ನೇರವಾಗಿ ತಗೊಳ್ಳುತ್ತವೆ, ಅಲ್ಲಿ ಆ ಖರ್ಚು ಇಲ್ಲ. ಚಳಿಗಾಲದ ಸೆಮಿಸ್ಟರ್‌ಗೆ ಕೊನೇ ದಿನ ಜುಲೈ 15 ಅಂತ ಎಲ್ಲಾ ಕಡೆ ಬರೆದಿರುತ್ತದೆ, ಅದನ್ನು ನಂಬಿ ಕೂರಬೇಡಿ. ಇಂಗ್ಲಿಷ್ ಮಾಸ್ಟರ್ಸ್ ಕೋರ್ಸುಗಳಲ್ಲಿ ಎಷ್ಟೋ ಕಡೆ ವಿದೇಶಿಯರಿಗೆ ಮಾರ್ಚ್, ಮೇ ತಿಂಗಳಲ್ಲೇ ಬಾಗಿಲು ಹಾಕುತ್ತಾರೆ.

ತೋಟದಮನೆ, ಶಿರಸಿ ಕಡೆ

ತುಂಬಾ ಉಪಕಾರ ಆಯಿತು. ಅಲ್ಲೇ ಕೆಲಸ ಮಾಡಿಕೊಂಡು ಓದಿದರೆ ಎರಡನೇ ವರ್ಷಕ್ಕೆ ನಾನು ಕಳಿಸಬೇಕಾಗಿಲ್ಲ ಅಂತ ಕನ್ಸಲ್ಟೆನ್ಸಿಯವರು ಹೇಳಿದ್ದರು. ಅದಾದರೂ ನಿಜವಾ?

ಸ್ಟುಟ್‌ಗಾರ್ಟ್ ಸೊಸೆ

ಅರ್ಧ ನಿಜ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2024ರ ಮಾರ್ಚ್‌ಗೆ ಮೊದಲು 120 ಮತ್ತು 240 ಇತ್ತು. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು, 2026ರ ಜನವರಿಯಿಂದ 13.90. ಲೆಕ್ಕದಲ್ಲಿ ಚೆನ್ನಾಗಿದೆ. ಆದರೆ ನಾನು ಬಂದಾಗ ಮೊದಲ ಐದು ತಿಂಗಳು ಒಂದು ಕೆಲಸವೂ ಸಿಗಲಿಲ್ಲ, ಯಾಕೆಂದರೆ ನನ್ನ ಜರ್ಮನ್ ಹಲೋ ಥ್ಯಾಂಕ್ಸ್‌ಗೆ ಮುಗಿಯುತ್ತಿತ್ತು. ಆಮೇಲೆ ಸಿಕ್ಕಿದ್ದು ಗೋಡೌನ್‌ನಲ್ಲಿ, ರಾತ್ರಿ ಪಾಳಿ, ಪಾರ್ಸಲ್ ಎತ್ತಿ ಇಡುವುದು. ಊರಲ್ಲಿ ಅಮ್ಮ ಕೇಳಿದರೆ ಆಫೀಸ್ ಕೆಲಸ ಅಂತಿದ್ದೆ. ಒಂದು ಸೆಮಿಸ್ಟರ್‌ನಲ್ಲಿ ಎರಡು ಪರೀಕ್ಷೆ ಹೋಯಿತು. ಎರಡು ವರ್ಷದ ಕೋರ್ಸು ನನಗೆ ಮೂರು ವರ್ಷ ಆಯಿತು, ಇಲ್ಲಿ ಇದು ಮಾಮೂಲಿ, ಯಾರೂ ನಾಚಿಕೆ ಪಡುವುದಿಲ್ಲ. ಆದರೆ ಬ್ಯಾಂಕಿಗೆ ಎರಡು ವರ್ಷ ಅಂತ ಬರೆದುಕೊಟ್ಟಿರುತ್ತೀರಲ್ಲ, ಅದು ನೆನಪಿರಲಿ.

ವೀಸಾ ಮುಂದುವರಿಸುವಾಗ ಮತ್ತೆ ದುಡ್ಡು ತೋರಿಸಬೇಕು. ಆಗ ಕೆಲಸದ ಸಂಬಳದ ಚೀಟಿ ಇದ್ದರೆ ಸಹಾಯ ಆಗುತ್ತದೆ.

ಹಾಗಾಗಿ ಇನ್ನು ಹತ್ತು ತಿಂಗಳಲ್ಲಿ ಅವಳು ಮಾಡಬೇಕಾದ ಅತಿ ಮುಖ್ಯ ಕೆಲಸ ಜರ್ಮನ್ ಕಲಿಯುವುದು. ಕೋರ್ಸು ಇಂಗ್ಲಿಷಲ್ಲಿ ಇದ್ದರೂ ಬದುಕು ಇಂಗ್ಲಿಷಲ್ಲಿ ಇರುವುದಿಲ್ಲ. ಬಿ1, ಅಂದರೆ ಮಧ್ಯಮ ಹಂತದ ಜರ್ಮನ್, ಮಾಡಿಕೊಂಡು ಬಂದರೆ ಕಾರ್ ಕಂಪನಿಗಳಲ್ಲಿ ವೆರ್ಕ್‌ಸ್ಟುಡೆಂಟ್ ಕೆಲಸಕ್ಕೆ ಕೇಳಬಹುದು, ಅದು ಓದಿಗೆ ಸಂಬಂಧಪಟ್ಟ ಕೆಲಸ, ಗೋಡೌನ್ ಅಲ್ಲ. ಆದರೆ ಈಗ ಇಲ್ಲಿ ಕಾರ್ ಕಂಪನಿಗಳ ಸ್ಥಿತಿಯೂ ಅಷ್ಟಕ್ಕಷ್ಟೇ, ಜನರನ್ನು ಕಡಿಮೆ ಮಾಡುತ್ತಿದ್ದಾರೆ. ಮೆಕ್ಯಾನಿಕಲ್ ಅಂದ ತಕ್ಷಣ ಕರೆದು ಕೆಲಸ ಕೊಡುತ್ತಾರೆ ಅನ್ನುವ ಕಾಲ ಇದಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ, ಅದೊಂದು ಸಮಾಧಾನ.

ಬೆಂಗ್ಳೂರ್ ಬಸವ

ಎಲ್ಲರೂ ಹೊರಗೆ ಹೋಗಿ ಅಂತಲೇ ಹೇಳಿ. ಬ್ರಿಟನ್ನಿನ ಲಿವರ್‌ಪೂಲ್ ಯೂನಿವರ್ಸಿಟಿಯೇ ಬೆಂಗಳೂರಿಗೆ ಬರುತ್ತಿದೆ, ಯುಜಿಸಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಾಗಿದೆ, 2026ಕ್ಕೆ ಶುರು. ಮನೆ ಊಟ ಮಾಡಿಕೊಂಡು ಫಾರಿನ್ ಡಿಗ್ರಿ ತಗೊಳ್ಳಿ.

ಮಾಗ್ಡೆಬುರ್ಗ್ ಮಾಣಿ

ಬಸವಣ್ಣ, ಶಿರಸಿಯವರಿಗೆ ಬೆಂಗಳೂರಲ್ಲಿ ಮನೆ ಊಟ ಎಲ್ಲಿಂದ ಸಿಗುತ್ತೆ? ಪಿಜಿ ಊಟಕ್ಕಿಂತ ನಮ್ಮ ಮೆನ್ಸಾ, ಅಂದರೆ ಯೂನಿವರ್ಸಿಟಿ ಕ್ಯಾಂಟೀನು, ಊಟವೇ ವಾಸಿ. ತಮಾಷೆಗೆ ಹೇಳಿದೆ. ಆದರೆ ಅಲ್ಲಿ ಫೀಸು ಕಟ್ಟಬೇಕು, ಓದಾದ ಮೇಲೆ ಹೊರಗೆ ಕೆಲಸ ಮಾಡುವ ವೀಸಾ ತಾನಾಗಿ ಸಿಗುವುದಿಲ್ಲ. ಜನ ಹೊರಗೆ ಬರುವುದು ಬರೀ ಡಿಗ್ರಿ ಕಾಗದಕ್ಕಲ್ಲ ಅಲ್ವಾ.

ಹೆಸರು ಬೇಡ, ಮಂಡ್ಯ

ಇಲ್ಲಿ ಯಾರಾದರೂ ಪರಿಶಿಷ್ಟ ಜಾತಿ, ಪಂಗಡದವರು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಅದರಲ್ಲಿ ಪರಿಶಿಷ್ಟ ಜಾತಿಯವರ ಜೊತೆ ಅಲೆಮಾರಿಗಳು, ಭೂಮಿ ಇಲ್ಲದ ಕೃಷಿ ಕಾರ್ಮಿಕರು, ಕುಶಲಕರ್ಮಿಗಳ ಮಕ್ಕಳೂ ಬರುತ್ತಾರೆ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ನಮ್ಮ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಅಕ್ಕನಿಗೆ ಗೊತ್ತಾಗುವ ಹೊತ್ತಿಗೆ ವಯಸ್ಸು ಮೀರಿತ್ತು. ಮೇಲಿನ ಚರ್ಚೆಗೆ ಸಂಬಂಧ ಇಲ್ಲ ಅನಿಸಿದರೆ ಕ್ಷಮಿಸಿ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಸಂಬಂಧ ಯಾಕಿಲ್ಲ, ಒಳ್ಳೆಯದು ಮಾಡಿದಿರಿ.

ಶಿರಸಿಯವರೇ, ಪೌತಿ ಖಾತೆಗೆ ಅರ್ಜಿ ಹಾಕಿದಿರಾ?

ತೋಟದಮನೆ, ಶಿರಸಿ ಕಡೆ

ಮರಣ ಪತ್ರ, ವಂಶವೃಕ್ಷ ಎಲ್ಲಾ ತೆಗೆಸಿದ್ದೇನೆ. ತಮ್ಮನ ಸಹಿ ಬೇಕು. ಅವನು ಬೆಂಗಳೂರಲ್ಲಿದ್ದಾನೆ, ಯುಗಾದಿಗೆ ಬರುತ್ತೇನೆ ಆಗ ಕೂತು ಮಾತಾಡೋಣ ಅಂದ. ಮಾತಾಡೋಣ ಅಂದರೆ ಏನು ಅರ್ಥ ಅಂತ ಅಣ್ಣತಮ್ಮಂದಿರು ಇರುವವರಿಗೆ ಗೊತ್ತಿರುತ್ತದೆ.

ಜರ್ಮನಿಯಲ್ಲಿ ನನ್ನ ಹೆಂಡತಿಯ ಕಡೆ ದೂರದ ಸಂಬಂಧಿ ಒಬ್ಬರಿದ್ದಾರೆ. ಅವರು ಜವಾಬ್ದಾರಿ ಪತ್ರ ಬರೆದುಕೊಟ್ಟರೆ ಬ್ಲಾಕ್ಡ್ ಅಕೌಂಟೇ ಬೇಡ ಅಂತ ಯಾರೋ ಹೇಳಿದರು.

ಸ್ಟುಟ್‌ಗಾರ್ಟ್ ಸೊಸೆ

ನಿಜ, ಆದರೆ ದಯವಿಟ್ಟು ಕೇಳಬೇಡಿ. ಆ ಪತ್ರ ಕೊಟ್ಟವರು ಐದು ವರ್ಷದವರೆಗೆ ನಿಮ್ಮ ಮಗಳ ಖರ್ಚಿಗೆ ಕಾನೂನಿನ ಪ್ರಕಾರ ಹೊಣೆ. ಅವರ ಸಂಬಳ, ಮನೆ, ಸಂಸಾರ ಎಲ್ಲಾ ಕಚೇರಿಯಲ್ಲಿ ತೋರಿಸಬೇಕು. ಹತ್ತಿರದವರಾದರೆ ಅವರೇ ಕೇಳಿ ಕೊಡುತ್ತಾರೆ. ದೂರದವರ ಹತ್ತಿರ ಕೇಳಿದರೆ ಪತ್ರವೂ ಸಿಗಲ್ಲ, ಆಮೇಲೆ ಮದುವೆ ಮುಂಜಿಗೆ ಮಾತೂ ಇರಲ್ಲ.

ಇನ್ನೊಂದು, ವೀಸಾ ದಾಖಲೆ ಮೊದಲ ಸಲವೇ ಸರಿಯಾಗಿ ಕೊಡಿ. ಮೊದಲು ತಿರಸ್ಕಾರ ಆದರೆ ಕಾನ್ಸುಲೇಟಿಗೇ ಪತ್ರ ಬರೆದು ಮತ್ತೊಮ್ಮೆ ನೋಡಿ ಅಂತ ಕೇಳಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲಾ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು.

ತೋಟದಮನೆ, ಶಿರಸಿ ಕಡೆ

ನಮಸ್ತೆ, ಈಗ ಬರೆಯುತ್ತಿರುವುದು ಮಗಳು. ಅಪ್ಪ ತೋಟಕ್ಕೆ ಹೋಗಿದ್ದಾರೆ, ಮೊಬೈಲ್ ನನ್ನ ಹತ್ತಿರ ಇದೆ. ಇಷ್ಟು ದಿನ ಅಪ್ಪ ಇಲ್ಲಿ ಇಷ್ಟೆಲ್ಲಾ ಬರೆದಿದ್ದಾರೆ ಅಂತ ಗೊತ್ತೇ ಇರಲಿಲ್ಲ. ಎಲ್ಲಾ ಓದಿದೆ.

ಖಾತೆ ಕೆಲಸ 2026ರ ಅಕ್ಟೋಬರ್ ಒಳಗೆ ಮುಗಿಯುವುದು ಅನುಮಾನ. ಅದಕ್ಕೆ ನಾನೇ ಯೋಚನೆ ಮಾಡಿ ಅಪ್ಪನಿಗೆ ಹೇಳಿದ್ದೇನೆ, ಒಂದು ವರ್ಷ ಪೀಣ್ಯದಲ್ಲೋ ಎಲ್ಲಾದರೂ ಕೆಲಸ ಮಾಡುತ್ತೇನೆ, ಸಂಜೆ ಜರ್ಮನ್ ಕಲಿಯುತ್ತೇನೆ, 2027ಕ್ಕೆ ಹೋಗುತ್ತೇನೆ. ಚಿಕ್ಕಪ್ಪನಿಗೆ ಈಗಲೇ ಒತ್ತಾಯ ಮಾಡಬೇಡಿ ಅಂದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ನನ್ನ ಪ್ರಶ್ನೆ ಎರಡು. ಎಪಿಎಸ್ ಈಗ ಮಾಡಿಸಿದರೆ 2027ಕ್ಕೆ ನಡೆಯುತ್ತದಾ? ಮತ್ತೆ ನಮ್ಮ ಸಿಜಿಪಿಎಯನ್ನು ಜರ್ಮನ್ ಗ್ರೇಡಿಗೆ ತಿರುಗಿಸುವಾಗ ಕನಿಷ್ಠ ಪಾಸ್ 4 ಅಂತ ಹಾಕಬೇಕಾ 5 ಅಂತಲಾ? ಫ್ರೆಂಡ್ಸೆಲ್ಲಾ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಾಗ್ಡೆಬುರ್ಗ್ ಮಾಣಿ

ಎಪಿಎಸ್‌ಗೆ ಅವಧಿ ಮುಗಿಯುವ ದಿನಾಂಕ ಅಂತ ಇಲ್ಲ, ಒಮ್ಮೆ ಬಂದರೆ ಯಾವಾಗ ಬೇಕಾದರೂ ಬಳಸಬಹುದು. ನೀವು ಹೇಗೂ ತಡ ಮಾಡುತ್ತಿದ್ದೀರಿ, ಹಾಗಾದರೆ ಡಿಗ್ರಿ ಕೈಗೆ ಬಂದ ಮೇಲೆ ಪೂರ್ತಿ ಅಂಕಪಟ್ಟಿ ಹಾಕಿ ಮಾಡಿಸಿ.

ಗ್ರೇಡ್ ಲೆಕ್ಕದಲ್ಲಿ ಆ ಒಂದು ಅಂಕೆ ತುಂಬಾ ಮುಖ್ಯ. ಸೂತ್ರ ಇಷ್ಟು: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಕಳೆ ಕನಿಷ್ಠ ಪಾಸ್‌ನಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ನಿಮ್ಮದು 8 ಅಂದರೆ, ಕನಿಷ್ಠ 4 ಆದರೆ 2.0 ಬರುತ್ತದೆ, 5 ಆದರೆ 2.2. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲೆ, ಸಂಖ್ಯೆ ಜಾಸ್ತಿ ಆದಷ್ಟೂ ಕೆಳಗೆ. ಎಷ್ಟೋ ಕೋರ್ಸುಗಳಲ್ಲಿ 2.5ರ ಮೇಲೆ ಹೋದವರನ್ನು ನೋಡುವುದೇ ಇಲ್ಲ, ನೀವು ಎರಡರಲ್ಲೂ ಒಳಗೇ ಇದ್ದೀರಿ. ಫ್ರೆಂಡ್ಸ್ ಹತ್ತಿರ ಕೇಳಬೇಡಿ. ನಿಮ್ಮ ಬ್ಯಾಚಿನ ವಿಟಿಯು ನಿಯಮದ ಪ್ರಕಾರ ಡಿಗ್ರಿಗೆ ಬೇಕಾದ ಕನಿಷ್ಠ ಎಷ್ಟು ಅಂತ ಕಾಲೇಜಿನಿಂದ ಲೆಟರ್‌ಹೆಡ್ಡಲ್ಲಿ ಬರೆಸಿ, ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಕಾಲೇಜು ಬಿಟ್ಟ ಮೇಲೆ ಆ ಸೀಲಿಗೆ ಮೂರು ಸಲ ಅಲೆಸುತ್ತಾರೆ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ತಂಗಿ, ಕೆಲಸಕ್ಕೆ ಸೇರಿದ ಮೇಲೆ ಸಂಬಳದಲ್ಲಿ ತಿಂಗಳಿಗೆ ಒಂದಿಷ್ಟು ನಿನ್ನ ಹೆಸರಲ್ಲೇ ಆರ್‌ಡಿ ಕಟ್ಟು. ಎಷ್ಟು ಕಟ್ಟುತ್ತೀಯೋ ಅಷ್ಟು ಸಾಲ ಕಡಿಮೆ. ಮತ್ತೆ ಯುಗಾದಿಗೆ ನಿನ್ನ ಚಿಕ್ಕಪ್ಪ ಬಂದಾಗ ನೀನೂ ಜಗಲಿಯಲ್ಲಿ ಕೂರು. ಅಣ್ಣ ಕೇಳಿದರೆ ಆಸ್ತಿ ಮಾತು ಆಗುತ್ತದೆ, ನೀನು ಕೇಳಿದರೆ ಓದಿನ ಮಾತು ಆಗುತ್ತದೆ.

ತೋಟದಮನೆ, ಶಿರಸಿ ಕಡೆ

ಸಾರ್, ಮತ್ತೆ ನಾನೇ. ಮೊಬೈಲ್ ವಾಪಸ್ ಸಿಕ್ಕಿತು. ಜರ್ಮನ್ ಕ್ಲಾಸಿಗೆ ಬೆಂಗಳೂರಲ್ಲಿ ಎಲ್ಲಿ ಸೇರಿಸುವುದು ಒಳ್ಳೆಯದು, ಪೀಣ್ಯದಿಂದ ಹೋಗಿಬರಲು ಆಗುವ ಹಾಗೆ?

ಸ್ಟುಟ್‌ಗಾರ್ಟ್ ಸೊಸೆ

ಗೊಯೆಥೆ ಇನ್‌ಸ್ಟಿಟ್ಯೂಟ್, ಇಂದಿರಾನಗರ. ಪೀಣ್ಯದಿಂದ ಮೆಟ್ರೋ ಇದೆ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಆನ್‌ಲೈನ್ ತರಗತಿಯೂ ಇದೆ. ಮೊದಲ ಹಂತ ಎ1 ಈಗಲೇ ಶುರು ಮಾಡಲಿ, ಪೀಣ್ಯದ ಕೆಲಸ ಸಿಗಲಿ ಆಮೇಲೆ ನೋಡೋಣ ಅಂತ ಕಾಯಬೇಡಿ.